ಮರು: ಟ್ಯಾಂಕಿನಲ್ಲಿ ಉಳಿದ ಪಿಎಂಬಿ, ರೋಲಿಂಗ್‌ನಲ್ಲಿ ಡೆನ್ಸಿಟಿ ಬರುತ್ತಿಲ್ಲ

ಪಿಎಂಬಿ (ಪಾಲಿಮರ್ ಬೆರೆಸಿದ ರಸ್ತೆ ಡಾಂಬರು) ನಾಲ್ಕು ದಿನ ಟ್ಯಾಂಕಿನಲ್ಲಿತ್ತು, ಈಗ ಜಲ್ಲಿ-ಡಾಂಬರಿನ ಮಿಕ್ಸ್ ಬಿರುಸಾಗಿದೆ, ರೋಲರ್ ಓಡಿಸಿದರೂ ಡೆನ್ಸಿಟಿ (ಒತ್ತಿದ ಪದರದ ಸಾಂದ್ರತೆ) ಬರುತ್ತಿಲ್ಲ, 200 ಡಿಗ್ರಿಗೆ ಕಾಯಿಸಲೇ ಎಂದು ಕೇಳಿದ್ದೀರಿ. ದಯವಿಟ್ಟು ಬೇಡ. ಅಷ್ಟು ಶಾಖಕ್ಕೆ ಅದರಲ್ಲಿರುವ ಎಸ್‌ಬಿಎಸ್ ಎಂಬ ರಬ್ಬರಿನಂಥ ಪಾಲಿಮರ್‌ನ ಸರಪಳಿಗಳೇ ತುಂಡಾಗುತ್ತವೆ, ಡಾಂಬರೂ ಗಡುಸಾಗುತ್ತದೆ. ದುಬಾರಿ ದುಡ್ಡು ಕೊಟ್ಟು ತಂದದ್ದು ಸಾದಾ ಡಾಂಬರಿಗಿಂತ ಕಡೆಯಾಗುತ್ತದೆ. ಬೈಂಡರ್ (ಜಲ್ಲಿಯನ್ನು ಹಿಡಿದಿಡುವ ಈ ಡಾಂಬರು) 165–185 ಡಿಗ್ರಿಯೊಳಗೇ ಇರಲಿ.

ಮೊದಲು ನೋಡಬೇಕಾದದ್ದು ಟ್ಯಾಂಕಿನ ಅಜಿಟೇಟರ್, ಅಂದರೆ ಕಲಕುವ ಯಂತ್ರ. ಕಲಕದೆ ಬಿಟ್ಟರೆ ಹಗುರವಾದ ಪಾಲಿಮರ್ ಕೆನೆಯ ಹಾಗೆ ಮೇಲೇರುತ್ತದೆ. ಟ್ಯಾಂಕಿನ ಮೇಲಿನಿಂದ ಒಂದು, ತಳದಿಂದ ಒಂದು ಸ್ಯಾಂಪಲ್ ತೆಗೆದು ಎರಡರ ಸಾಫ್ಟನಿಂಗ್ ಪಾಯಿಂಟ್ (ಡಾಂಬರು ಮೆತ್ತಗಾಗುವ ಉಷ್ಣತೆ) ಹೋಲಿಸಿ. ವ್ಯತ್ಯಾಸ 3 ಡಿಗ್ರಿ ದಾಟಿದರೆ ಪಾಲಿಮರ್ ಬೇರ್ಪಟ್ಟಿದೆ ಎಂದೇ ಅರ್ಥ. ಹಾಗಿದ್ದರೆ ಕಲಕಿ, ಸರ್ಕ್ಯುಲೇಟ್ ಮಾಡಿ, ಮತ್ತೆ ಅಳೆಯಿರಿ. ಆಗಲೂ ಸರಿಹೋಗದಿದ್ದರೆ ಆ ಮಾಲು ಬಳಸಬೇಡಿ. ವಿಜಿ-30 (ಸಾದಾ ಡಾಂಬರಿನ ಒಂದು ಗ್ರೇಡ್) ಉಳಿದಿದ್ದ ಟ್ಯಾಂಕಿಗೇ ಇದನ್ನು ತುಂಬಿಸಿದ್ದರೆ ಗ್ರೇಡೇ ಕೆಟ್ಟಿರುತ್ತದೆ, ಅದನ್ನೂ ವಿಚಾರಿಸಿ.

ಬೈಂಡರ್ ಸರಿಯಿದ್ದರೆ ತಪ್ಪು ರೋಲಿಂಗ್‌ನದ್ದು. ಪಿಎಂಬಿ ಮಿಕ್ಸ್ ಬೇಗ ಬಿಗಿಯುತ್ತದೆ. ರೋಲರ್ ಪೇವರ್‌ನ (ಮಿಕ್ಸ್ ಹರಡುವ ಯಂತ್ರದ) ಬೆನ್ನಿಗೇ ಇರಬೇಕು. ಮಿಕ್ಸ್ 115 ಡಿಗ್ರಿಗಿಂತ ಇಳಿದ ಮೇಲೆ ಎಷ್ಟು ಪಾಸ್ ಓಡಿಸಿದರೂ ಜಲ್ಲಿ ಒಡೆಯುತ್ತದೆಯೇ ಹೊರತು ಡೆನ್ಸಿಟಿ ಏರುವುದಿಲ್ಲ. ಶಾಖ ಆರದಂತೆ ಟಿಪ್ಪರ್‌ಗೆ ಟಾರ್ಪಾಲ್ ಹೊದಿಸಿ. ರೋಲರ್‌ನ ಡ್ರಮ್‌ಗೆ ಮಿಕ್ಸ್ ಅಂಟುತ್ತದೆಂದು ಡೀಸೆಲ್ ಸವರಲೇಬೇಡಿ, ಸೋಪು ನೀರು ಸಾಕು.