ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಬಳಿ 5,000 ಕೋಟಿ ಡಾಲರ್‌ಗೂ ಹೆಚ್ಚು ದತ್ತಿನಿಧಿ ಇದೆ. ಆದರೂ ವಿದ್ಯಾರ್ಥಿಗಳಿಂದ ಶುಲ್ಕ ಯಾಕೆ ಪಡೆಯುತ್ತದೆ?

ಏಕೆಂದರೆ ಆ ಹಣ ಬೇಕೆಂದಾಗ ತೆಗೆದು ಖರ್ಚು ಮಾಡುವ ಉಳಿತಾಯವಲ್ಲ. ಅದು ಬೇರೆ ಬೇರೆ ದಾನಿಗಳು ಬಿಟ್ಟುಹೋದ ಸಾವಿರಾರು ದತ್ತಿಗಳ ಒಟ್ಟು ಮೊತ್ತ. ಹೆಚ್ಚಿನವಕ್ಕೆ ಷರತ್ತುಗಳಿವೆ: ಒಂದು ಇಂಥದೇ ವಿಷಯದ ಪ್ರಾಧ್ಯಾಪಕರ ಸಂಬಳಕ್ಕೆ, ಇನ್ನೊಂದು ಗ್ರಂಥಾಲಯದ ಪುಸ್ತಕಗಳಿಗೆ. ಪುಸ್ತಕದ ದುಡ್ಡನ್ನು ಹಾಸ್ಟೆಲ್ ಚಾವಣಿ ರಿಪೇರಿಗೆ ತಿರುಗಿಸಲು ಕಾನೂನು ಬಿಡುವುದಿಲ್ಲ.

ಮುಖ್ಯ ಕಾರಣ ಇನ್ನೊಂದಿದೆ. ಅಸಲು ಕರಗದೆ ತಲೆಮಾರುಗಳವರೆಗೆ ಉಳಿಯಬೇಕು. 100 ಡಾಲರ್ ಹೂಡಿಕೆ ವರ್ಷಕ್ಕೆ 8 ಡಾಲರ್ ಗಳಿಸಿತು, ಬೆಲೆ ಏರಿಕೆ 3% ಇದೆ ಎನ್ನಿ. 5 ತೆಗೆದು 3 ಅಲ್ಲೇ ಬಿಟ್ಟರೆ ಮಾತ್ರ ಅಸಲಿನ ಕೊಳ್ಳುವ ಶಕ್ತಿ ಉಳಿಯುತ್ತದೆ. ಎಂಟನ್ನೂ ಖರ್ಚು ಮಾಡಿದರೆ ಅದೇ ಪ್ರಾಧ್ಯಾಪಕ ಹುದ್ದೆಯ ಸಂಬಳಕ್ಕೆ ಕೆಲವೇ ವರ್ಷಗಳಲ್ಲಿ ಹಣ ಸಾಲದು. ಆದ್ದರಿಂದಲೇ ವರ್ಷಕ್ಕೆ ಸುಮಾರು 5% ಮಾತ್ರ ತೆಗೆಯುತ್ತಾರೆ. ಹಲವು ವಿಶ್ವವಿದ್ಯಾಲಯಗಳು ಇದನ್ನು ಮೂರು ವರ್ಷಗಳ ಸರಾಸರಿ ಮೌಲ್ಯದ ಮೇಲೆ ಲೆಕ್ಕ ಹಾಕುತ್ತವೆ. ಷೇರುಪೇಟೆ ಒಮ್ಮೆಲೇ ಕುಸಿದರೂ ಸಂಬಳಕ್ಕೆ ಕತ್ತರಿ ಬೀಳದಿರಲಿ ಎಂದು.

2024ರಲ್ಲಿ ಹಾರ್ವರ್ಡ್ ಹೀಗೆ ಪಡೆದದ್ದು ಸುಮಾರು 240 ಕೋಟಿ ಡಾಲರ್. ಅದು ಒಟ್ಟು ಆದಾಯದ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು. ಉಳಿದದ್ದು ಶುಲ್ಕ, ಸಂಶೋಧನಾ ಅನುದಾನ ಮತ್ತು ಹೊಸ ದೇಣಿಗೆಗಳಿಂದಲೇ ಬರಬೇಕು.