ವಿಚಾರಣೆಗೂ ಮೊದಲೇ ಶಿಕ್ಷೆ

‘ಅಪರಾಧ ಸಾಬೀತಾಗದೆ ಪಾದ್ರಿ ಸ್ಟ್ಯಾನ್ ಸ್ವಾಮಿಯವರನ್ನು ಜೈಲಿನಲ್ಲಿ ಇಟ್ಟದ್ದು ಹೇಗೆ?’ ಎಂದು ಕೇಳಿದ್ದೀರಿ. ಉತ್ತರ ಕಾನೂನುಬಾಹಿರ ಚಟುವಟಿಕೆ ತಡೆ ಕಾಯ್ದೆಯ (ಯುಎಪಿಎ) 43ಡಿ(5) ಕಲಮಿನಲ್ಲಿದೆ. ಆರೋಪ ಮೇಲ್ನೋಟಕ್ಕೆ ನಿಜವೆನ್ನಿಸಿದರೆ ನ್ಯಾಯಾಲಯ ಜಾಮೀನು ಕೊಡುವಂತಿಲ್ಲ. ಆ ಮೇಲ್ನೋಟಕ್ಕೆ ಆಧಾರ ಪೊಲೀಸರದೇ ಕಾಗದಪತ್ರ! ವಟಾಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2019ರಲ್ಲಿ ಕೊಟ್ಟ ತೀರ್ಪಿನ ನಂತರ, ಜಾಮೀನಿನ ಹಂತದಲ್ಲಿ ಸಾಕ್ಷ್ಯವನ್ನು ಆಳವಾಗಿ ಒರೆಗೆ ಹಚ್ಚುವ ದಾರಿಯೂ ಕಿರಿದಾಯಿತು. ದೋಷಾರೋಪ ಪಟ್ಟಿ ಸಲ್ಲಿಸಲು 180 ದಿನಗಳವರೆಗೆ ಅವಕಾಶ ಬೇರೆ.

ಜಾರ್ಖಂಡದ ಆದಿವಾಸಿಗಳ ಭೂಮಿ ಹಕ್ಕಿಗಾಗಿ, ವಿಚಾರಣೆಯಿಲ್ಲದೆ ಜೈಲಿನಲ್ಲಿ ಕೊಳೆಯುತ್ತಿದ್ದ ಆದಿವಾಸಿ ಯುವಕರಿಗಾಗಿ ದುಡಿದವರು ಸ್ವಾಮಿ. ಅದಕ್ಕೂ ಮೊದಲು ಬೆಂಗಳೂರಿನ ಇಂಡಿಯನ್ ಸೋಷಿಯಲ್ ಇನ್‌ಸ್ಟಿಟ್ಯೂಟ್‌ನ ನಿರ್ದೇಶಕರಾಗಿದ್ದರು. 2020ರ ಅಕ್ಟೋಬರ್ 8ರಂದು, 83ರ ವಯಸ್ಸಿನಲ್ಲಿ, ಭೀಮಾ ಕೋರೆಗಾಂವ್ ಹಿಂಸಾಚಾರದ ಪ್ರಕರಣದಲ್ಲಿ ರಾಷ್ಟ್ರೀಯ ತನಿಖಾ ಸಂಸ್ಥೆಯಾದ ಎನ್‌ಐಎ ಅವರನ್ನು ಬಂಧಿಸಿತು. ಮಾವೋವಾದಿ ನಂಟಿನ ಆರೋಪವನ್ನು ಅವರು ಕೊನೆಯವರೆಗೂ ನಿರಾಕರಿಸಿದರು.

ಪಾರ್ಕಿನ್ಸನ್ ಕಾಯಿಲೆಯಿಂದ ಕೈ ನಡುಗಿ ಲೋಟ ಹಿಡಿಯಲಾಗುತ್ತಿರಲಿಲ್ಲ. ನೀರು ಕುಡಿಯಲು ಸ್ಟ್ರಾ ಮತ್ತು ಸಿಪ್ಪರ್ ಕೇಳಿ ಅರ್ಜಿ ಹಾಕಬೇಕಾಯಿತು. ಉತ್ತರಿಸಲು ಎನ್‌ಐಎ 20 ದಿನ ಕೇಳಿತು. ಈ ಒಂದು ಸಂಗತಿಯನ್ನು ನಾನು ಕ್ಷಮಿಸಲಾರೆ. 2021ರ ಜುಲೈ 5ರಂದು ಬಾಂಬೆ ಹೈಕೋರ್ಟ್‌ನಲ್ಲಿ ಜಾಮೀನು ಅರ್ಜಿ ಬಾಕಿಯಿರುವಾಗಲೇ ಅವರು ತೀರಿಕೊಂಡರು. ವಿಚಾರಣೆ ಶುರುವೇ ಆಗಿರಲಿಲ್ಲ.

ಹಾಗೆಂದು ಬಾಗಿಲು ಪೂರ್ತಿ ಮುಚ್ಚಿಲ್ಲ. ವಿಚಾರಣೆ ವಿಪರೀತ ವಿಳಂಬವಾದರೆ ಜೀವ ಮತ್ತು ಸ್ವಾತಂತ್ರ್ಯದ ಹಕ್ಕನ್ನು ಕಾಯುವ ಸಂವಿಧಾನದ 21ನೇ ವಿಧಿಯ ಆಧಾರದಲ್ಲಿ ಸಾಂವಿಧಾನಿಕ ನ್ಯಾಯಾಲಯಗಳು (ಹೈಕೋರ್ಟ್, ಸುಪ್ರೀಂ ಕೋರ್ಟ್) ಜಾಮೀನು ಕೊಡಬಹುದೆಂದು ಸುಪ್ರೀಂ ಕೋರ್ಟ್ 2021ರ ನಜೀಬ್ ಪ್ರಕರಣದಲ್ಲಿ ಹೇಳಿದೆ. ಮೊದಲು ಆ ತೀರ್ಪು ಓದಿ.