ಬೆನ್ನಿನ ಇಂಜೆಕ್ಷನ್‌ಗಿಂತ ರಾತ್ರಿಯ ನೋವಿನ ಬಗ್ಗೆ ಕೇಳಿ

ಉಡುಪಿಯಲ್ಲಿ ಅಮ್ಮನಿಗೆ ಮೊಣಗಂಟು ಬದಲಿಸುವ ಆಪರೇಷನ್, ಸೊಂಟದಿಂದ ಕೆಳಗೆ ಮರಗಟ್ಟಿಸಲು ಬೆನ್ನಿಗೆ ಇಂಜೆಕ್ಷನ್ ಕೊಟ್ಟರೆ ಜೀವನಪೂರ್ತಿ ಸೊಂಟನೋವಾ ಅಂತ ಕೇಳಿದ್ದೀರಿ. ಅದಕ್ಕೆ ಹೆದರಬೇಡಿ ಮಾರಾಯ್ರೆ. ಚುಚ್ಚಿದ ಜಾಗ ಕೆಲವು ದಿನ ನೋಯಬಹುದು. ಸಿಸೇರಿಯನ್ ಆದವರು ಸೊಂಟನೋವಿಗೆ ಆ ಸೂಜಿಯನ್ನೇ ಬಯ್ಯುವುದುಂಟು, ಬಸಿರು, ಮಗು ಎತ್ತಿ ಬಗ್ಗಿದ್ದು ಯಾವುದೂ ಲೆಕ್ಕಕ್ಕಿಲ್ಲ! ಸಪೂರ ಸೂಜಿ ಅದು. ಬೆನ್ನುಹುರಿ ಮುಗಿಯುವಲ್ಲಿಂದ ಕೆಳಗೆ, ನರಗಳ ಸುತ್ತ ಇರುವ ದ್ರವಕ್ಕೆ ಮದ್ದು ಬಿಡುತ್ತಾರೆ. ಆಮೇಲೆ ಎದ್ದು ಕೂತಾಗ ಜೋರು ತಲೆನೋವು ಬಂದರೆ ಮಾತ್ರ ಡಾಕ್ಟರಿಗೆ ಹೇಳಲೇಬೇಕು.

ಮಂಗಳೂರಿನಲ್ಲಿ ಇದೇ ಆಪರೇಷನ್ ಆದಾಗ ನಮ್ಮಮ್ಮನಿಗೆ ಕಷ್ಟ ಆದದ್ದು ರಾತ್ರಿ. ಕೆಲವು ಗಂಟೆಯಲ್ಲಿ ಮರಗಟ್ಟಿದ್ದು ಬಿಟ್ಟಿತು. "ನರ್ಸನ್ನು ಎಂತಕ್ಕೆ ಎಬ್ಬಿಸುವುದು" ಅಂತ ಹಲ್ಲು ಕಚ್ಚಿ ಮಲಗಿದ್ದರು. ನೋವು ಏರಿದ ಮೇಲೆ ಇಳಿಸುವುದು ಕಷ್ಟ. ಹೊತ್ತು ಹೊತ್ತಿಗೆ ಮದ್ದು ಬೀಳಬೇಕು. ತೊಡೆಯ ನರದ ಹತ್ತಿರ ಕೊಡುವ ನರ್ವ್ ಬ್ಲಾಕ್, ಅಂದರೆ ಆ ನರವನ್ನು ಮರಗಟ್ಟಿಸಿ ನೋವು ತಡೆಯುವ ಇಂಜೆಕ್ಷನ್, ಉಂಟಾ ಅಂತ ಅರಿವಳಿಕೆ ಡಾಕ್ಟರನ್ನು ಮೊದಲೇ ಕೇಳಿ, ಮೊದಲ ರಾತ್ರಿ ಎಷ್ಟೋ ಹಗುರ.

ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ತಿದ್ದರೆ ಮುಚ್ಚಿಡಬೇಡಿ. ಮತ್ತೆ, ಆಪರೇಷನ್‌ಗೆ ಹೊಟ್ಟೆ ಖಾಲಿ ಇರಬೇಕು, ಆ ದಿನ ಬೆಳಿಗ್ಗೆ "ಬರೀ ಗಂಜಿ ತಿಳಿ ಅಲ್ವಾ" ಅಂತ ಕುಡಿಸಬೇಡಿ, ಅದು ನೀರಿನ ಲೆಕ್ಕಕ್ಕೆ ಬರುವುದಿಲ್ಲ.